ತೊಗಲಿನ ಲಂಗದ ದೋಣಿ

ಬಹಳ ಹಿಂದೆ, ಭೂಮಿಯ ಬಡಗಣ ತುದಿಯಲ್ಲಿ ಬಿಳಿಗಡಲು ಎಂಬ ರಾಜ್ಯವಿತ್ತು. ಅಲ್ಲಿ ಕಡಲು ಹೆಪ್ಪುಗಟ್ಟಿ, ಮುರಿದು, ದಿಬ್ಬದಿಬ್ಬವಾಗಿ ನಿಂತಿತ್ತು. ನಡುವೆ ಹಿಮಕರ್ಣನೆಂಬ ಕುರುಡು ಮಾಂತ್ರಿಕ ಮಂಜುಗಡ್ಡೆಗೆ ಕಿವಿಯಿಟ್ಟು ಮಲಗಿರುತ್ತಿದ್ದ. ಮಂಜಿನ ಮೇಲೆ ಭಾರ ಬಿದ್ದರೆ ಅವನಿಗೆ ಕೇಳುತ್ತಿತ್ತು. ಕೇಳಿದೊಡನೆ ಮಂಜಿನ ಕೈಯೊಂದು ಎದ್ದು ಹಿಡಿಯುತ್ತಿತ್ತು.

ಒಂದು ದಿನ ಆಚೆ ದಡಕ್ಕೆ ಹೊರಟಿದ್ದ ನೇಮವ್ವನೆಂಬ ಹುಡುಗಿಯನ್ನು ಆ ಕೈ ಹಿಡಿದು, ಮಾಂತ್ರಿಕನ ಪಕ್ಕದಲ್ಲೇ ಮಂಜಿನಲ್ಲಿ ನೆಟ್ಟಿತು. ಅವಳಪ್ಪ, ತೊಗಲಿನ ವ್ಯಾಪಾರಿ ಸಂಕಪ್ಪಶೆಟ್ಟಿ ದಡದಿಂದ ನೋಡಿದ. ಮಂಜು ಮಗಳ ಮೊಣಕಾಲಿಗೆ ಬಂದಿತ್ತು. ದಿನದಿನವೂ ಏರುತ್ತಿತ್ತು. ತಲೆ ಮುಚ್ಚಿದರೆ, ಹಿಂದೆ ಸಿಕ್ಕವರಂತೆ ಅವಳೂ ಮಂಜಿನೊಳಗೇ ಹೂತುಹೋಗುತ್ತಿದ್ದಳು.

ಶೆಟ್ಟಿ ಅಳುತ್ತ ಕೂರಲಿಲ್ಲ. ಕುಲುಮೆಗೆ ಗಾಳಿ ಊದುವ ತಿದಿ ಹೊಲಿಯುವ ಬೊಮ್ಮಕ್ಕನ ಬಳಿ ಹೋದ.

"ಅಕ್ಕಾ, ಮಂಜಿಗೆ ಭಾರ ಹಾಕದ ಬಂಡಿ ಬೇಕು."

"ಹಕ್ಕಿ ಹತ್ತಿ ಹೋಗಿ, ಶೆಟ್ರೇ."

"ಈ ಹೊಟ್ಟೆ ಹೊರೋ ಹಕ್ಕಿ ಎಲ್ಲಿದೆ?"

ಬೊಮ್ಮಕ್ಕ ಯೋಚಿಸಿದಳು. "ತಿದಿಯ ಗಾಳಿ ಕೆಳಕ್ಕೆ ಊದಿದರೆ ದೋಣಿ ಮೇಲೇಳುತ್ತೆ. ಗಾಳಿಕೋಣದ ತೊಗಲು ಕೊಡಿ."

ಗಾಳಿಕೋಣ ಸತ್ತರೂ ಅದರ ತೊಗಲಿನಲ್ಲಿ ಬಿರುಗಾಳಿ ಇರುತ್ತಿತ್ತು. ಶೆಟ್ಟಿ ಇದ್ದದ್ದನ್ನೆಲ್ಲ ತಂದು ಸುರಿದ.

ಮೊದಲ ದೋಣಿಗೆ ಗಾಳಿ ಸೋರದಂತೆ ಸುತ್ತಲೂ ಹಲಗೆ ಬಡಿದು, ತಿದಿ ತುಂಬಿ, ಯಾರೂ ಹತ್ತದೆ ಮಂಜಿನ ಮೇಲೆ ಬಿಟ್ಟರು. ಹಲಗೆ ದಿಬ್ಬಕ್ಕೆ ಗುದ್ದಿತು. ಕೈ ಎದ್ದಿತು, ದೋಣಿ ಚೂರಾಯಿತು. ಮಂಜು ನೇಮವ್ವನ ಸೊಂಟಕ್ಕೇರಿತು.

ಎರಡನೆಯ ದೋಣಿಗೆ ಹಲಗೆಯ ಬದಲು ಮೆತ್ತನೆಯ ತೊಗಲಿನ ಲಂಗ ತೊಡಿಸಿದರು. ಎರಡು ದಿಬ್ಬ ದಾಟಿತು. ಮೂರನೆಯ ದಿಬ್ಬದ ಚೂಪು ಅಂಚು ಲಂಗವನ್ನು ಉದ್ದಕ್ಕೂ ಸೀಳಿತು. ಗಾಳಿಯೆಲ್ಲ ಹೋಗಿ ದೋಣಿ ಧೊಪ್ಪನೆ ಬಿತ್ತು. ಮತ್ತೆ ಕೈ ಎದ್ದಿತು. ಮಂಜು ಕುತ್ತಿಗೆಗೇರಿತು.

"ಸರಕನ್ನೆಲ್ಲ ಒಂದೇ ಬಂಡಿಗೆ ಹೇರ್ತೀವಾ ನಾವು?" ಶೆಟ್ಟಿ ಸಿಡುಕಿದ. "ತುಂಡು ತುಂಡಾಗಿ ಹೊಲಿ. ಹರಿದರೆ ಒಂದೇ ಹರೀಲಿ!"

ಬೊಮ್ಮಕ್ಕ ಮೂರನೆಯ ದೋಣಿಯ ಸುತ್ತ ಆನೆಕಿವಿಯಂಥ ತೊಗಲಿನ ತುಂಡುಗಳನ್ನು ಒತ್ತೊತ್ತಾಗಿ ಇಳಿಬಿಟ್ಟಳು. ಪರೀಕ್ಷೆಗೆ ಹೊತ್ತಿರಲಿಲ್ಲ. ಇಬ್ಬರೂ ಹತ್ತಿದರು. ಅವಳು ಹಾಯಿ ಹಿಡಿದಳು, ಶೆಟ್ಟಿ ತಿದಿ ತುಳಿದ.

ದಿಬ್ಬ ಬಂದಲ್ಲಿ ಒಂದು ತೊಗಲುಕಿವಿ ಮಡಚಿಕೊಂಡಿತು, ಉಳಿದವು ಹಾಗೇ ನಿಂತವು. ಮಂಜಿನೊಳಗೆ ಹೂತವರ ಕಣ್ಣುಗಳು ದೋಣಿಯ ಜೊತೆಗೇ ಹೊರಳಿದವು. ಶೆಟ್ಟಿ ಕೆಳಗೆ ನೋಡುವುದನ್ನು ಬಿಟ್ಟ. ಪರ್ರನೆ ಒಂದು ಕಿವಿ ಹರಿಯಿತು. ಅವನು ತಿದಿಯನ್ನು ಇನ್ನೂ ಜೋರಾಗಿ ತುಳಿದ. ಅಕ್ಕಪಕ್ಕದವು ಉಬ್ಬಿ ಸಂದು ಮುಚ್ಚಿದವು.

ಮಾಂತ್ರಿಕನ ಬಳಿ ಬಂದಾಗ ಮಂಜು ಮಗಳ ತುಟಿ ಮುಟ್ಟಿತ್ತು.

"ಇಳಿದು ಎಳೆದರೆ ಕೈ ಏಳುತ್ತೆ," ಬೊಮ್ಮಕ್ಕ ಪಿಸುಗುಟ್ಟಿದಳು.

"ಇಳಿಯೋದು ಬೇಡ. ಅವನ ತಲೆ ಮೇಲೆ ನಿಲ್ಲಿಸು."

ಗಾಳಿ ತಾಕಿ ಹಿಮಕರ್ಣ ಗೊಣಗಿದ. "ಯಾರದು? ಹೆಜ್ಜೆಯೇ ಕೇಳಲಿಲ್ಲವಲ್ಲ!"

ಶೆಟ್ಟಿ ತಿದಿಯಿಂದ ಕಾಲು ತೆಗೆದ.

ಗಾಳಿ ಹೊತ್ತಿದ್ದ ಭಾರವೆಲ್ಲ ಒಮ್ಮೆಗೇ ಇಳಿಯಿತು. ಮಾಂತ್ರಿಕನ ತಲೆ ಗಡಿಗೆಯಂತೆ ಒಡೆಯಿತು. ಅರ್ಧ ಎದ್ದಿದ್ದ ಕೈ ನೀರಾಗಿ ಸುರಿಯಿತು. ಹಿಡಿದಿದ್ದ ಮಂಜು ಸಡಿಲಗೊಂಡು ನೇಮವ್ವನೂ ಹೂತವರೆಲ್ಲರೂ ಕೆಮ್ಮುತ್ತ ಮೇಲೆದ್ದರು.

"ಅಪ್ಪಾ, ಇಷ್ಟು ತಡವಾ?" ಎಂದಳು ನೇಮವ್ವ.

"ಹತ್ತೇ ಬೇಗ!" ಎಂದು ಶೆಟ್ಟಿ ಕಂಬಳಿ ಹೊದಿಸಿದ.

ಅಂದಿನಿಂದ ಬಿಳಿಗಡಲಿನವರು ಬೇಕೆಂದಲ್ಲಿಗೆ ಹೋದರು, ಬಂದರು, ಬೆಚ್ಚಗೆ ಉಂಡು ಸುಖವಾಗಿ ಬಾಳಿದರು.