ತೇಲುವ ಊರಿನ ಖಳನಾಯಕಿ

"ಅಲ್ಲಾ ಸಾರ್, ಈ ಖಳನಾಯಕ ಸ್ನಾನ ಎಲ್ಲಿ ಮಾಡ್ತಾನೆ?"

ಕಥೆ ಓದುತ್ತಿದ್ದ ಬರಹಗಾರ ಗಕ್ಕನೆ ನಿಲ್ಲಿಸಿದ. ಮೇಜಿನ ಸುತ್ತ ಕುಳಿತಿದ್ದವರೆಲ್ಲ ಅವಳತ್ತ ತಿರುಗಿದರು.

ಅವಳು ಆ ಸಿನಿಮಾದ ಕಲಾ ನಿರ್ದೇಶಕಿ. ಕಥೆಯಲ್ಲಿರುವ ಊರನ್ನು ಮರ, ಬಣ್ಣ, ತಗಡುಗಳಲ್ಲಿ ಕಟ್ಟಿ ನಿಲ್ಲಿಸಬೇಕಾದವಳು. ಅವಳ ನಾಲಿಗೆಗೆ ಹೆದರಿ ಸ್ಟುಡಿಯೋದವರು ಇಟ್ಟ ಹೆಸರು 'ಕತ್ತರಿ'.

"ಅರ್ಥ ಆಗ್ಲಿಲ್ಲ ಮೇಡಂ..." ಬರಹಗಾರ ಕನ್ನಡಕ ಸರಿಪಡಿಸಿಕೊಂಡ.

"ಗಾಳಿಯಲ್ಲಿ ತೇಲೋ ಊರು ಅಂತೀರಿ. ಅಲ್ಲಿಗೆ ನೀರು ಹೇಗೆ ಹತ್ತುತ್ತೆ? ಕಸ ಎಲ್ಲಿ ಬೀಳುತ್ತೆ, ಯಾರ ತಲೆ ಮೇಲೆ? ನಿಮ್ಮ ಖಳನಾಯಕ ಎದ್ದ ಕೂಡಲೇ ಕಪ್ಪು ನಿಲುವಂಗಿ ತೊಟ್ಟು ಹ್ಹಹ್ಹಹ್ಹಾ ಅಂತಾನೆ. ಲೋಕ ನಾಶ ಮಾಡ್ತೀನಿ ಅಂತಾನೆ. ಸರಿ, ಮಾಡಿದ. ಮಾರನೇ ದಿನ ಎಲ್ಲಿ ಮಲಗ್ತಾನೆ? ಇವನು ಖಳನಾಯಕ ಅಲ್ಲ ಸಾರ್... ನೆಗಡಿ ಆಗಿರೋ ಬೆದರುಬೊಂಬೆ!"

ಎಲ್ಲರೂ ಗೊಳ್ಳೆಂದರು. ನಿರ್ದೇಶಕರು ಮಾತ್ರ ಕೆಮ್ಮಿದರು. ಖಳನಾಯಕನ ಆ ಹ್ಹಹ್ಹಹ್ಹಾ ನಗು ಅವರದೇ ಐಡಿಯಾ!

ಬರಹಗಾರ ಸಿಟ್ಟಾಗುತ್ತಾನೆಂದು ಅವಳು ಕಾದಳು. ಅವನು ಮೆಲ್ಲಗೆ ಕೇಳಿದ, "ಹಾಗಾದ್ರೆ ಊರನ್ನ ನಂಬೋ ಹಾಗೆ ಮಾಡೋದು ಹೇಗೆ?"

"ಅಲ್ಲಿ ಏನೇನು ಹೊಳೀತಾ ಇದೆ ಅಂತ ಹೇಳ್ಬೇಡಿ. ಏನು ಕೆಟ್ಟು ನಿಂತಿದೆ ಅಂತ ಹೇಳಿ."

ಮರುದಿನ ಬೆಳಿಗ್ಗೆ ಅವನು ಅವಳ ಕಾರ್ಯಾಗಾರದ ಬಾಗಿಲಲ್ಲಿ ನಿಂತಿದ್ದ!

"ಕಲಿಯೋಕೆ ಬಂದೆ."

"ಕಲಿಯೋರು ಪ್ಲೈವುಡ್ ಮೇಲೆ ಚಪ್ಪಲಿ ಇಡಲ್ಲ."

ಅವನು ಗಾಬರಿಯಿಂದ ಕಾಲು ತೆಗೆದ.

ಆಮೇಲೆ ದಿನವೂ ಬಂದ. ತೇಲುವ ಊರಿನ ಪುಟ್ಟ ಮಾದರಿಯನ್ನು ಅವಳು ಕಟ್ಟುತ್ತಿದ್ದರೆ ಪಕ್ಕದಲ್ಲಿ ಗೋಂದಿನ ಡಬ್ಬಿ ಹಿಡಿದು ನಿಲ್ಲುತ್ತಿದ್ದ. ಮೆಟ್ಟಿಲ ಕಂಬಿಗೆ ಬಳಿದ ಬಣ್ಣವನ್ನು ಅವಳು ಮತ್ತೆ ಕೆರೆದಾಗ ಅವನಿಗೆ ಅಚ್ಚರಿ.

"ಅಯ್ಯೋ, ಯಾಕೆ ಹಾಳು ಮಾಡ್ತೀರಿ?"

"ಕೈ ತಾಗೋ ಕಡೆ ಸವೆದಿರಬೇಕು. ಇಲ್ಲಿ ಯಾರೋ ಬದುಕಿದ್ದಾರೆ ಅಂತ ನೋಡೋರಿಗೆ ಅಲ್ಲೇ ಗೊತ್ತಾಗೋದು. ಇಷ್ಟೂ ತಿಳಿಯದೆ ಲೋಕ ಸೃಷ್ಟಿ ಮಾಡೋಕೆ ಹೊರಟ್ರಾ?"

ಅವನು ನಕ್ಕ. ಎಷ್ಟು ಬೈದರೂ ನಗುತ್ತಿದ್ದ.

'ಇವನೇನು ಬೈಸಿಕೊಳ್ಳೋಕೇ ಹುಟ್ಟಿದ್ದಾನಾ?' ಅವಳು ಮೂಗು ಮುರಿದಳು. ಆದರೆ ಅವನು ಬಾರದ ಒಂದು ದಿನ ಅವಳ ಕಣ್ಣು ಮತ್ತೆ ಮತ್ತೆ ಬಾಗಿಲಿಗೆ ಹೋಯಿತು. 'ಛೀ! ನನಗೇನು ಬಂತು?'

ಎರಡನೇ ಸಲ ಕಥೆ ಓದುವ ದಿನ ಬಂತು. ಬೆದರುಬೊಂಬೆ ಮಾಯವಾಗಿದ್ದ. ಈಗ ಇದ್ದದ್ದು ಖಳನಾಯಕಿ. ತೇಲುವ ಊರನ್ನು ಕಟ್ಟಿದವಳೇ ಅವಳು. ಊರಿನವರು ಅದರ ಬುಡದಲ್ಲಿ ಬಿಟ್ಟ ಬಿರುಕಿನ ಮೇಲೆ ಬಣ್ಣ ಬಳಿದು, ಎಚ್ಚರಿಸಿದ ಅವಳನ್ನು ಹೊರಗೆ ಹಾಕಿದ್ದರು. ಈಗ ಊರನ್ನು ಎತ್ತಿ ಹಿಡಿದ ಯಂತ್ರದ ಹಿಡಿಕೆ ಅವಳ ಕೈಯಲ್ಲಿತ್ತು.

ಬರಹಗಾರ ಓದಿದ. "ಅವಳು ಅಂಗೈ ಮೇಲಿನ ಧೂಳು ಊದಿ ಹೇಳುತ್ತಾಳೆ... ಹಾಳಾಗಿ ನಿಲ್ಲೋದಕ್ಕಿಂತ ಬಿದ್ದು ಹೋಗೋದೇ ಮೇಲು."

ಕಲಾ ನಿರ್ದೇಶಕಿ ತಟ್ಟನೆ ತಲೆ ಎತ್ತಿದಳು. ಹಿಂದಿನ ವಾರ, ವಕ್ರವಾಗಿ ನಿಂತ ಗೋಡೆಯೊಂದನ್ನು ಒದ್ದು ಬೀಳಿಸುವಾಗ ಅವಳೇ ಆಡಿದ ಮಾತು! ಅಂಗೈ ಊದುವುದೂ ಅವಳದೇ ಚಾಳಿ.

"ಅಯ್ಯೋ, ಇದು ನಮ್ಮ ಕತ್ತರಿ ಕಣ್ರೋ!" ಕ್ಯಾಮೆರಾದವನು ಕೂಗಿದ. ಕೋಣೆಯಿಡೀ ನಕ್ಕಿತು.

ಅವಳು ಎದ್ದು ಹೊರಟಳು. ಅವನು ಓಡಿ ಬಂದು ಮೆಟ್ಟಿಲ ಬಳಿ ತಡೆದ.

"ದಯವಿಟ್ಟು... ಕೊನೇವರೆಗೂ ಕೇಳಿ."

"ಗೋಂದು ಹಿಡ್ಕೊಂಡು ನಿಂತಿದ್ದು ಇದಕ್ಕಾ? ಲೋಕ ಹಾಳು ಮಾಡೋರನ್ನ ಹುಡುಕ್ತಿದ್ರಿ, ಪಕ್ಕದಲ್ಲೇ ಸಿಕ್ಕಳು!"

"ಹಾಗಲ್ಲ..."

"ನಿಮ್ಮ ಬೆದರುಬೊಂಬೆ ಎದುರಿಗೆ ನಿಂತು ಕಿರುಚ್ತಿತ್ತು. ನೀವು ಪಕ್ಕದಲ್ಲಿ ನಿಂತು ನನ್ನ ಮಾತು ಕದ್ರಿ."

ಅವನು ಪಕ್ಕಕ್ಕೆ ಸರಿದ. ಅವಳು ತಿರುಗಿ ನೋಡಲಿಲ್ಲ. ಬೀದಿಗೆ ಬಂದ ಮೇಲೆ ಮಾತ್ರ ಕಣ್ಣು ಒರೆಸಿಕೊಂಡಳು.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಕೊಂಡೆ?"

"ಅಕ್ಕಾ! ಅದು ನನ್ನ ಮಾತು!"

"ನಿನ್ನ ಮಾತು ಒಂದು ಸಲ ಕೇಳಿದ್ದಕ್ಕೇ ಇಷ್ಟು ಉರೀತಾ? ನಾವು ದಿನಾ ಕೇಳ್ತೀವಮ್ಮಾ." ಅಕ್ಕನ ದನಿ ಮೆತ್ತಗಾಯಿತು. "ಕೊನೇಲಿ ಆ ಹೆಂಗಸಿಗೆ ಏನಾಯ್ತು?"

ಅದನ್ನು ಕೇಳದೆಯೇ ಅವಳು ಎದ್ದು ಬಂದಿದ್ದಳು.

ಗೊತ್ತಾದದ್ದು ಆ ವಾರದ ಕೊನೆಗೆ, ನಿರ್ದೇಶಕರು ಕರೆಸಿದಾಗ.

"ಬರಹಗಾರನ್ನ ತೆಗೆದುಹಾಕ್ದೆ," ಎಂದರು ಅವರು, ಉಗುರು ಕತ್ತರಿಸಿಕೊಳ್ಳುತ್ತಾ. "ಆ ಹೆಂಗಸಿಗೆ ಹುಚ್ಚು ಹಿಡಿಸು, ಒಂದು ನಗು ಕೊಡು ಅಂದೆ. ಅವಳಿಗೆ ಹುಚ್ಚಿಲ್ಲ ಸಾರ್, ನೋವಿದೆ ಅಂತಾನೆ! ಕೊನೇಲಿ ನಾಯಕ ಹಾರಿ ಬಂದು ಹೊಡೆಯೋದೂ ಇಲ್ಲ. ಎಲ್ಲಿ ಬಿರುಕು ಬಿಟ್ಟಿದೆ ತೋರಿಸಿ, ಸೇರಿ ಸರಿಮಾಡೋಣ ಅಂತ ಪಕ್ಕದಲ್ಲಿ ಕೂರ್ತಾನಂತೆ. ಅವಳು ಹಿಡಿಕೆ ಬಿಟ್ಟು ಅಳ್ತಾಳಂತೆ. ಊರೇ ಬೀಳಲ್ಲ! ಅವಳ ಜಾಗಕ್ಕೆ ಹಳೇ ಖಳನಾಯಕನ್ನೇ ತಂದಿದ್ದೀನಿ. ನೀನು ಅವನಿಗೊಂದು ಗುಹೆ ಮಾಡು. ತಲೆಬುರುಡೆ ಜಾಸ್ತಿ ಇರಲಿ."

ಅವಳಿಗೆ ಈಗ ಅರ್ಥವಾಯಿತು. ಅವನು ತನ್ನನ್ನು ಅಣಕಿಸಿರಲಿಲ್ಲ... ತನಗಾಗಿ ಕೆಲಸ ಕಳೆದುಕೊಂಡಿದ್ದ.

"ಸಾರ್, ಖಳನಾಯಕ ಅಂದ್ರೆ ಅವನ ಮಾತು ಕೇಳಿ, ಇವನು ಹೇಳೋದೂ ನಿಜ ಅಲ್ವಾ ಅಂತ ನಮಗೆ ಭಯ ಆಗ್ಬೇಕು. ತಲೆಬುರುಡೆ ನೋಡಿದ್ರೆ ಮಕ್ಕಳಿಗೂ ಆಕಳಿಕೆ ಬರುತ್ತೆ."

"ನಿನಗೆ ಕೆಲಸ ಬೇಕೋ ಬೇಡ್ವೋ?"

"ಗುಹೆ ಬೇಡ," ಎಂದಳು ಅವಳು. "ನಿಮ್ಮ ನಗು ನಿಮಗೇ ಇರಲಿ."

ಕೆಲಸ ಹೋಯಿತು. ಕ್ಯಾಮೆರಾದವನಿಂದ ವಿಳಾಸ ಕೇಳಿ, ಅದೇ ಮಧ್ಯಾಹ್ನ ಅವಳು ಬರಹಗಾರನ ಬಾಡಿಗೆ ಕೋಣೆಯ ಬಾಗಿಲು ತಟ್ಟಿದಳು. ಅವನು ಒದ್ದೆ ಕೈಯಲ್ಲೇ ತೆರೆದ. ಹಿಂದೆ ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿತ್ತು.

"ನೀವಾ...!"

"ನನ್ನನ್ನ ಯಾಕೆ ಖಳನಾಯಕಿ ಮಾಡಿದ್ರಿ? ನಾಯಕಿ ಮಾಡೋಕೆ ಆಗ್ತಿರಲಿಲ್ವಾ?" ಜಗಳಕ್ಕೆ ಬಂದವಳ ಹಾಗೆ ಕೇಳಿದಳು.

"ನಮ್ಮ ನಾಯಕಿ ಇಡೀ ಕಥೇಲಿ ಮೂರ್ಛೆ ಹೋಗೋದು ಬಿಟ್ಟು ಏನೂ ಮಾಡಲ್ಲ. ನಿಮ್ಮನ್ನ ಅಲ್ಲಿ ಹೇಗೆ ಇಡ್ಲಿ?" ಅವನು ತಲೆ ತಗ್ಗಿಸಿದ. "ಆದ್ರೂ ಕೇಳ್ಬೇಕಿತ್ತು. ಎಲ್ಲರ ಮುಂದೆ ಓದೋ ಮೊದಲು ನಿಮಗೆ ತೋರಿಸ್ಬೇಕಿತ್ತು. ತಪ್ಪಾಯ್ತು. ಬರೀತಾ ಬರೀತಾ... ಅವಳನ್ನ ದ್ವೇಷಿಸೋಕೇ ಆಗ್ಲಿಲ್ಲ. ಎಲ್ಲರೂ ಅವಳು ಊರು ಬೀಳಿಸ್ತಾಳೆ ಅಂತ ಹೆದರ್ತಿದ್ರು. ಊರಿನ ಮೇಲೆ ಅವಳಿಗಿದ್ದ ಅಕ್ಕರೆ ನನಗೆ ಮಾತ್ರ ಕಾಣ್ತಿತ್ತು."

ಅವಳ ಕಣ್ಣು ತುಂಬಿ ಬಂತು.

"ನನ್ನ ಕೆಲಸಾನೂ ಹೋಯ್ತು. ಗುಹೆ ಮಾಡಲ್ಲ ಅಂದೆ."

"ಅಯ್ಯೋ! ಯಾಕೆ ಹಾಗೆ ಮಾಡಿದ್ರಿ?"

"ಸುಮ್ನಿರಿ. ಪಕ್ಕದಲ್ಲಿ ಕೂತ ಮೇಲೆ ನಾಯಕ ಅವಳಿಗೆ ಏನು ಹೇಳ್ತಾನೆ?"

"ಅದನ್ನ ಬರೆದಿಲ್ಲ. ಹೇಳೋಕೆ ನನಗೇ ಧೈರ್ಯ ಬರ್ಲಿಲ್ಲ."

"ಈಗ ಹೇಳಿ. ಮೊದಲು ಆ ಬಹುವಚನ ಬಿಟ್ಟು."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಬೆರಳು ಹಿಡಿದ.

"ನೀನಿಲ್ಲದ ಲೋಕ ಉಳಿದರೇನು... ಬಿದ್ದರೇನು?"

"ಥೂ! ಎಂಥ ಕೆಟ್ಟ ಡೈಲಾಗು!" ಅವಳು ಅಳುತ್ತಲೇ ನಕ್ಕಳು.

"ಅಷ್ಟು ಕೆಟ್ಟದಾಗಿದ್ಯಾ?"

"ಕೇಳೋಕಾಗಲ್ಲ..." ಎನ್ನುತ್ತಾ ಅವಳು ಅವನ ಭುಜಕ್ಕೆ ಹಣೆ ಒತ್ತಿದಳು. "ಇನ್ನೊಂದ್ಸಲ ಹೇಳು."