ಅಗಸೂರಿಗೆ ಬಾರದ ಹತ್ತು ದಿನ

ಕಾರವಾರದ ಕಾಲೇಜಿನ ಸಭಾಂಗಣದಲ್ಲಿ ಮಾತನಾಡುತ್ತಿದ್ದ ದೀಕ್ಷಾಳ ದನಿ ನಡುವೆಯೇ ನಿಂತಿತು. ಕೊನೆಯ ಸಾಲಿನಲ್ಲಿ ಮಂಜು ಕುಳಿತಿದ್ದ!

ಹದಿನಾಲ್ಕು ತಿಂಗಳಾಗಿತ್ತು ಅವನನ್ನು ನೋಡಿ... ಕಣ್ಣು ತಗ್ಗಿಸಿ, ಹೇಗೋ ಮಾತು ಮುಂದುವರಿಸಿದಳು.

ಪರದೆಯ ಮೇಲೆ ನಕ್ಷೆಯಿತ್ತು. ಎರಡು ಸಾವಿರ ವರ್ಷಗಳ ಹಿಂದೆ ಕುದುರೆಯೇರಿ ಅಲೆಯುತ್ತಿದ್ದ ಸರ್ಮೇಷಿಯನ್ನರು ವೋಲ್ಗಾ ನದಿಯ ಕಡೆಯಿಂದ ಡ್ಯಾನ್ಯೂಬಿನವರೆಗೆ ಹೇಗೆ ಹರಡಿದರೆಂದು ಹುಡುಕುವುದೇ ಅವಳ ಸಂಶೋಧನೆ. ಊರು ಕಟ್ಟದ ಜನ ಅವರು. ಸತ್ತವರನ್ನು ಹೂಳಿದ ಜಾಗಗಳೇ ಅವರ ದಾರಿಯ ಗುರುತು. ಶವದ ತಲೆ ಯಾವ ದಿಕ್ಕಿಗಿತ್ತು, ಪಕ್ಕದಲ್ಲಿಟ್ಟದ್ದು ಕನ್ನಡಿಯೋ ಕತ್ತಿಯೋ...

ಇಷ್ಟು ಜತನದಿಂದ ಕಳಿಸಿಕೊಟ್ಟವರು ಕೊನೆಗಳಿಗೆಯಲ್ಲಿ ಜೊತೆಗಿದ್ದವರೇ ಇರಬೇಕು ಎಂದು ಹೇಳಿ ಅವಳು ಪರದೆಯತ್ತ ತಿರುಗಿದಳು.

ತಾನು ಜೊತೆಗಿರಲಿಲ್ಲ.

ಮಂಜುವಿನ ತಾಯಿ ನಾಗಮ್ಮ ಅಗಸೂರಿನಲ್ಲಿ ಕೂಲಿ ಮಾಡಿ ಮಗನನ್ನು ಬೆಳೆಸಿದವಳು. ಶೆಟಗೇರಿಯ ದೀಕ್ಷಾಳನ್ನು ಮಗ ಮನೆಗೆ ಕರೆತಂದ ದಿನದಿಂದಲೇ ಸೊಸೆ ಎಂದವಳು. ಆಕೆ ಹಾಸಿಗೆ ಹಿಡಿದಾಗ ವೋಲ್ಗಾ ತೀರದ ಉತ್ಖನನದಲ್ಲಿದ್ದ ದೀಕ್ಷಾಳಿಗೆ ಮಂಜು ಫೋನ್ ಮಾಡಿದ್ದ. ಅಂದೇ ಅಲ್ಲೊಂದು ಹೊಸ ಗೋರಿ ತೆರೆದಿತ್ತು. ಹತ್ತು ದಿನ ವಿಮಾನದ ಟಿಕೆಟ್ ಇಲ್ಲ ಎಂದಿದ್ದಳು ದೀಕ್ಷಾ.

ಆರನೆಯ ದಿನ ನಾಗಮ್ಮ ಹೋದಳು.

ಆಮೇಲೆ ಅವನೊಡನೆ ಮಾತನಾಡುವ ಧೈರ್ಯ ಅವಳಿಗೆ ಬರಲಿಲ್ಲ. ಅವನ ಫೋನೂ ಬರಲಿಲ್ಲ. 'ನನ್ನ ಮುಖ ನೋಡುವುದೂ ಅವನಿಗೆ ಬೇಡವಾಗಿದೆ' ಎಂದುಕೊಂಡಳು.

ಇಂದು ಮಂಜು ಪೇಪರಿನಲ್ಲಿ ಅವಳ ಹೆಸರು ನೋಡಿ ಬಂದಿದ್ದನಂತೆ. ಸಭೆ ಮುಗಿದ ಮೇಲೆ, ನಾಗಮ್ಮನನ್ನು ಹೂಳಿದ ಜಾಗ ತೋರಿಸುತ್ತೀಯಾ ಎಂದು ಅವಳೇ ಕೇಳಿದಳು. ಅವನು ಬೈಕ್ ತೆಗೆದ.

ಅಗಸೂರಿನ ಗದ್ದೆಯಂಚಿನಲ್ಲಿ ಹುಲ್ಲು ಹಬ್ಬಿದ ಸಣ್ಣ ದಿಬ್ಬ. ನೂರಾರು ಗೋರಿ ಬಿಡಿಸಿದ ಕೈಯನ್ನು ಅವಳು ದಿಬ್ಬದ ಮಣ್ಣಿನ ಮೇಲೆ ಊರಿದಳು.

"ಟಿಕೆಟ್ ಇಲ್ಲ ಅಂದಿದ್ದು ಸುಳ್ಳು, ಮಂಜು. ಮಾರನೇ ದಿನಕ್ಕೇ ಇತ್ತು. ನಾನೇ ಬರ್ಲಿಲ್ಲ."

ಮಂಜು ದಿಬ್ಬದ ಆಚೆ ಬದಿಯ ಒಣಹುಲ್ಲು ಕಿತ್ತ.

"ಆಯಿ ನಿನ್ನನ್ನೇ ಕೇಳ್ತಾ ಇದ್ಲು. ದೀಕ್ಷಾ ಹೊರಟ್ಲು, ಗೋವಾಕ್ಕೆ ಬಂದ್ಲು, ಈಗ ಕಾರವಾರ ದಾಟಿದ್ಲು ಅಂತ ಹೇಳ್ತಾ ಹೋದೆ. ಅದನ್ನೇ ನಂಬ್ಕಂಡು ಕಣ್ಣು ಮುಚ್ಚಿದ್ಲು. ಸಾಯೋ ಆಯಿಗೆ ನಿನ್ನ ಹೆಸರಲ್ಲಿ ಸುಳ್ಳು ಹೇಳ್ದೆ... ನಿಂಗೆ ಫೋನ್ ಮಾಡೂಕೆ ನಂಗೇ ಮುಖ ಇರ್ಲಿಲ್ಲ."

ದೀಕ್ಷಾ ಬಿಕ್ಕಿದಳು. ಅವನು ಪಕ್ಕದಲ್ಲಿ ಬಂದು ಕುಳಿತ.

"ನನ್ಮೇಲೆ ಸಿಟ್ಟಿಲ್ವಾ?"

"ಅದೆ. ಇನ್ನೂ ಸ್ವಲ್ಪ ದಿನ ಇರ್ತದೆ."

"ಹಂಗಾದ್ರೆ ನಾ ನಿಮ್ಮನೆಗೆ ಯಾವ ಮುಖ ಇಟ್ಕಂಡು ಬರ್ಲಿ?"

ಅವನು ಅವಳ ಮಣ್ಣಾದ ಕೈ ಹಿಡಿದುಕೊಂಡ.

"ಅದೆಲ್ಲ ನಂಗೂ ಗೊತ್ತಿಲ್ಲ, ದೀಕ್ಷಾ. ನೀ ಬೇಕು, ಅಷ್ಟೇ ಗೊತ್ತು... ಏಳು, ಊಟ ಮಾಡು ಬಾ."