ಮರಿಕೋಬಿಗೆ ಬಿದ್ದ ಉಪ್ಪು

ಹೊನ್ನಿ ಅರೆಯುವ ಕಲ್ಲಿನಿಂದ ತಲೆ ಎತ್ತಿದಳು. ಬಾಗಿಲಲ್ಲಿ ಮಾದೇವ ನಿಂತಿದ್ದ!

ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ, ಅವಳ ಕೈಗೆ ಹಸಿರು ಬಳೆ ತೊಡಿಸಿ, ಮುಂದಿನ ಸುಗ್ಗಿಗೆ ಬಂದೇ ಬರುತ್ತೇನೆ ಎಂದು ಬೇಲೆಕೇರಿಯಿಂದ ಹಡಗಿನ ಕೆಲಸಕ್ಕೆ ಹೋದವನು. ಸುಗ್ಗಿಗಳು ಬಂದು ಹೋದವು, ಅವನು ಬರಲಿಲ್ಲ. ಸುದ್ದಿ ಮಾತ್ರ ಬಂತು... ಚೀನೀ ಬಂದರೊಂದರಲ್ಲಿ, ಯಾರದೋ ಅಡುಗೆಮನೆಯಲ್ಲಿ ಅವನನ್ನು ಕಂಡೆನೆಂದು ಊರಿನ ಖಲಾಸಿಯೊಬ್ಬ ಹೇಳಿದ. ಊರು ಅಷ್ಟಕ್ಕೇ ಬಿಡುತ್ತದೆಯೇ? ಚೀನೀ ಹೆಂಡತಿಯನ್ನೂ ಮಕ್ಕಳನ್ನೂ ತಾನೇ ಹುಟ್ಟಿಸಿಕೊಂಡಿತು.

ಬಿಟ್ಟುಹೋದ ಹೆಣ್ಣೆಂದು ಹೊನ್ನಿಯನ್ನು ಆಮೇಲೆ ಯಾರೂ ಕೇಳಿ ಬರಲಿಲ್ಲ. ಕಾರವಾರದ ಈ ಸಾಹೇಬರ ಬಂಗಲೆಯಲ್ಲಿ ಮಸಾಲೆ ಅರೆದು ಅರೆದು ಅವಳ ಕೈ ದಡ್ಡುಗಟ್ಟಿತ್ತು.

"ಆರಾಮಾ, ಹೊನ್ನಿ?" ಎಂದ ಅವನು.

ಅವಳು ಮತ್ತೆ ಕಲ್ಲಿಗೆ ಬಗ್ಗಿದಳು. ನಾನಿನ್ನೂ ಸತ್ತಿಲ್ಲವೆಂದು ಬೇಜಾರಾಯಿತೇ ನಿನಗೆ... ಎಂದು ಮನಸ್ಸಿನಲ್ಲೇ ಕಿಡಿಕಾರಿದಳು.

ಆ ದಿನ, ಚೀನಾದಲ್ಲಿ ಬಹುಕಾಲ ಇದ್ದು ಬಂದ ಸಾಹೇಬರೊಬ್ಬರಿಗೆ ಔತಣ. ಮುಂಬಯಿಯಿಂದ ಆಗಬೋಟಿನಲ್ಲಿ ಒಂದು ಬುಟ್ಟಿ ಬ್ರಸೆಲ್ಸ್ ಸ್ಪ್ರೌಟ್ ಬಂದಿತ್ತು. ಅಡಿಕೆ ಗಾತ್ರದ ಎಲೆಕೋಸಿನಂತಿದ್ದ ಅದಕ್ಕೆ ಅಡುಗೆಮನೆಯವರೆಲ್ಲ ಮರಿಕೋಬಿ ಎಂದು ಹೆಸರಿಟ್ಟಿದ್ದರು. ಚೀನೀಯರು ಮನೆಯಲ್ಲಿ ಮಾಡಿಕೊಂಡು ತಿನ್ನುವ ಹಾಗೆಯೇ ಅದನ್ನು ಮಾಡಬೇಕಂತೆ. ಅದಕ್ಕೇ, ಚೀನೀ ಅಡುಗೆ ಬಲ್ಲವನೆಂದು ಬಟ್ಲರ್ ಮಾದೇವನನ್ನು ಕರೆಸಿದ್ದ. ಆ ಅತಿಥಿ ಮೆಚ್ಚಿದರೆ ಬಂಗಲೆಯಲ್ಲಿ ಕಾಯಂ ಕೆಲಸ.

ಮನೆಯ ಅಡುಗೆಯಂತೆ! ಹಾಗಾದರೆ ಹಡಗಿನಲ್ಲಿ ಕಲಿತದ್ದಲ್ಲ. ಯಾವಳ ಒಲೆಯ ಮುಂದೆ ಕೂತು ಕಲಿತೆಯೋ... ಹೊನ್ನಿಯ ಹೊಟ್ಟೆ ಉರಿಯಿತು.

ಮಾದೇವ ಮರಿಕೋಬಿಗಳನ್ನು ಎರಡೆರಡು ಹೋಳು ಮಾಡಿ, ಹೊಗೆಯೇಳುವ ಬಾಣಲೆಯಲ್ಲಿ ಕೊಯ್ದ ಮೈ ಕೆಳಗಾಗಿ ಹರವಿದ. ಕಿವಿ ವಾಲಿಸಿ ಚುರುಚುರು ಸದ್ದು ಕೇಳುತ್ತ, ಕಂದುಬಣ್ಣ ಬರುವವರೆಗೆ ಮುಟ್ಟಲಿಲ್ಲ. ಆಮೇಲೆ ಬೆಳ್ಳುಳ್ಳಿ, ಒಣಮೆಣಸು, ಕಪ್ಪು ಸೋಯಾ ರಸ, ಚಿಟಿಕೆ ಸಕ್ಕರೆ. ರುಚಿ ನೋಡಲಿಲ್ಲ. ಅದರಲ್ಲೇನೂ ವಿಶೇಷವಿಲ್ಲ ಬಿಡಿ, ಬಡಿಸುವ ಮೊದಲೇ ಅಡುಗೆ ಎಂಜಲು ಮಾಡುವವರು ನಮ್ಮ ಕಡೆ ಯಾರಿದ್ದಾರೆ?

ಅವನು ತಟ್ಟೆ ತರಲು ಆಚೆ ತಿರುಗಿದ್ದೇ ತಡ, ಹೊನ್ನಿ ಹಿಡಿ ತುಂಬ ಉಪ್ಪು ಸುರಿದು ಕೈಯಾಡಿಸಿಬಿಟ್ಟಳು.

ಸಾಹೇಬರ ಮೇಜಿನಿಂದ ಎಲ್ಲವೂ ಹಾಗೆಯೇ ವಾಪಸು ಬಂತು. ಬಟ್ಲರ್ ಕೆಂಡವಾಗಿದ್ದ. ಆಳುಗಳನ್ನೆಲ್ಲ ಕರೆದು, ಮಾದೇವನನ್ನು ನೆಲಕ್ಕೆ ಕೂರಿಸಿ, ಅಷ್ಟನ್ನೂ ನೀನೇ ತಿನ್ನು ಎಂದ.

ಮಾದೇವ ತಿಂದ. ಒಂದೊಂದೇ ಹೋಳು... ಮುಖ ಕಿವುಚಲಿಲ್ಲ, ನೀರು ಕೇಳಲಿಲ್ಲ. ಆಳುಗಳು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹೊನ್ನಿ.

ತಟ್ಟೆ ಖಾಲಿಯಾದ ಮೇಲೆ ಅವನು ಬಟ್ಲರನ ಮುಖ ನೋಡಿದ.

"ಸಮಾ ಬೆಂದದ್ಯಲ್ಲ ಒಡೆಯಾ... ಎಂತಾ ತಪ್ಪಾಯ್ತು ಇದ್ರಲ್ಲಿ?"

ಹೊನ್ನಿಯ ನಗು ನಿಂತಿತು. ಅಯ್ಯೋ ದೇವರೇ... ಇವನ ನಾಲಗೆಗೆ ರುಚಿಯೇ ತಿಳಿಯುವುದಿಲ್ಲ!

ಅಣಕಿಸುತ್ತೀಯಾ ಎಂದು ಬಟ್ಲರ್ ಅವನ ಕಪಾಳಕ್ಕೆ ಬಿಗಿದು ಹೊರಗೆ ದಬ್ಬಿದ. ಹಾಕಿದವಳು ನಾನು ಎಂಬ ಒಂದು ಮಾತು ಹೊನ್ನಿಯ ಬಾಯಿಂದ ಹೊರಡಲಿಲ್ಲ. ತನ್ನ ಅನ್ನ ಹೋದೀತೆಂಬ ಹೆದರಿಕೆ.

ಆದರೆ ಕಾಲು ನಿಲ್ಲಲಿಲ್ಲ. ಬೆನ್ನಿಗೆ ಬಾಣಲೆ ಕಟ್ಟಿಕೊಂಡು ಅಂಕೋಲೆಯ ದಾರಿ ಹಿಡಿದಿದ್ದವನನ್ನು ಅವಳು ಓಡಿ ಓಡಿ ಹಿಡಿದಳು.

"ಉಪ್ಪು ಹಾಕಿದ್ದು ನಾ."

ಅವನು ನಡಿಗೆ ನಿಲ್ಲಿಸಿ ಅವಳ ಕಡೆ ತಿರುಗಿದ. ನಡೆದದ್ದೆಲ್ಲ ಹೇಳಿದ. ಜ್ವರ ಹಿಡಿದಾಗ ಹಡಗಿನವರು ಅವನನ್ನು ಬಂದರಿನಲ್ಲಿ ಇಳಿಸಿ ಹೋಗಿದ್ದರಂತೆ. ಚೀನೀ ಮುದುಕಿಯೊಬ್ಬಳು ಮನೆಗೆ ಕರೆದೊಯ್ದು ಬದುಕಿಸಿದಳು. ಜ್ವರ ಹೋಗುವಾಗ ರುಚಿಯನ್ನೂ ಒಯ್ದಿತ್ತು. ಸದ್ದು ಕೇಳಿ ಬೇಯಿಸುವುದನ್ನು ಕಲಿಸಿದವಳೂ ಆ ಮುದುಕಿಯೇ. ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ.

"ಮತ್ತೆ ಊರಿಗೆ ಬರುಕೆ ಎಂತಾಗಿತ್ತು ನಿಂಗೆ?"

"ರುಚಿ ಗೊತ್ತಾಗ್ದ ಅಡುಗೆಯವ ನಿನ್ನ ಸಾಕುದು ಹೆಂಗೆ? ನೀ ಯಾರನ್ನಾದ್ರೂ ಕಟ್ಕಂಡು ಸುಖವಾಗಿರ್ತೆ ಅಂದ್ಕಂಡೆ. ನೀ ಇನ್ನೂ ಹಂಗೇ ಇದ್ದೆ ಅಂತ ಮೊನ್ನೆ ತಿಳೀತು. ಈ ಕೆಲಸ ಒಂದು ಸಿಕ್ಕಿದ್ರೆ ನಿನ್ನ ಅಪ್ಪನ ಹತ್ರ ಹೆಣ್ಣು ಕೇಳ್ವ ಅಂತಿದ್ದೆ."

ಹೊನ್ನಿ ಧೂಳಿನಲ್ಲೇ ಕುಸಿದು ಬಿಕ್ಕಿದಳು. ತನ್ನ ಬಾಳಿಗೆ ತಾನೇ ಹಿಡಿ ತುಂಬ ಸುರಿದಿದ್ದಳು. ಅವನು ಸಮಾಧಾನ ಮಾಡಲಿಲ್ಲ, ಆದರೆ ಬಿಟ್ಟು ಮುಂದೆ ಹೋಗಲೂ ಇಲ್ಲ.

ಅತ್ತು ಮುಗಿದ ಮೇಲೆ ಅವಳು ಎದ್ದು, ಅವನ ಬೆನ್ನಿನ ಬಾಣಲೆ ಬಿಚ್ಚಿ ತನ್ನ ತಲೆಯ ಮೇಲಿಟ್ಟುಕೊಂಡಳು.

"ಅಂಕೋಲೆ ಪೇಟೆಲಿ ಒಂದು ಊಟದ ಅಂಗಡಿ ಹಾಕ್ವ. ನೀ ಬೇಯಿಸು. ಉಪ್ಪು ನಾ ನೋಡ್ತೆ."

"ಇವತ್ತು ನೋಡ್ದಂಗೆಯಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ಮೇಲೆ ಬಾಯಿಗೆ ಹಾಕಿ ನೋಡೇ ಬಡಿಸ್ತೆ."

"ಎಂಜಲಾಗ್ತದೆ, ಮಾರಾಯ್ತಿ."

"ಆಗ್ಲಿ. ಆ ಎಂಜಲು ಮೊದ್ಲು ನಿಂಗೇ ಬಡಿಸ್ತೆ."